ಒಂದು ವರ್ಷದ ಮಗುವಿಗೆ ಮನೆಯಲ್ಲೇ ಅಡ್ವೆಂಟ್ ಕ್ಯಾಲೆಂಡರ್: ಅರ್ಧ ಸೀರೆ, 24 ಚೀಲ

ಅಡ್ವೆಂಟ್ ಕ್ಯಾಲೆಂಡರ್ ಅಂದರೆ ಡಿಸೆಂಬರ್ 1ರಿಂದ ಕ್ರಿಸ್‌ಮಸ್‌ವರೆಗೆ ದಿನಕ್ಕೊಂದರಂತೆ ತೆರೆಯುವ 24 ಪುಟ್ಟ ಉಡುಗೊರೆ. ಕಳೆದ ವರ್ಷ ಡಿಸೆಂಬರ್ 1ಕ್ಕೆ ನಮ್ಮ ಪುಟ್ಟಿಗೆ ಹದಿಮೂರು ತಿಂಗಳು. ಬೆಳಗ್ಗೆ ಗೋಡೆಯಿಂದ ಮೊದಲನೇ ಚೀಲ ಇಳಿಸಿ ಅವಳ ಮುಂದೆ ಇಟ್ಟೆ. ಒಳಗೆ ಚನ್ನಪಟ್ಟಣದ ಮರದ ಗಿಲಕಿ ಇತ್ತು. ಊರಿಂದ ಬಂದವರೊಬ್ಬರ ಸೂಟ್‌ಕೇಸಿನಲ್ಲಿ ತರಿಸಿಕೊಂಡದ್ದು. ಪುಟ್ಟಿ ಚೀಲಕ್ಕೆ ಕೈ ಹಾಕಿದಳು, ಗಿಲಕಿ ತೆಗೆದಳು, ಪಕ್ಕಕ್ಕೆ ಎಸೆದಳು. ಆಮೇಲೆ ಖಾಲಿ ಚೀಲವನ್ನು ಟೋಪಿ ಹಾಗೆ ತಲೆ ಮೇಲೆ ಇಟ್ಟುಕೊಂಡು ನಕ್ಕಳು. ಹತ್ತು ನಿಮಿಷ ಅದೇ ಆಟ. ಗಿಲಕಿ ಸೋಫಾ ಕೆಳಗೆ ಹೋಗಿತ್ತು.

ನನಗೆ ಸ್ವಲ್ಪ ಬೇಜಾರಾಯ್ತು ನಿಜ. ಮೂರನೇ ದಿನದ ಹೊತ್ತಿಗೆ ವಿಷಯ ಅರ್ಥವಾಯ್ತು. ಈ ವಯಸ್ಸಿಗೆ ಒಳಗಿರುವ ಉಡುಗೊರೆ ಮುಖ್ಯವಲ್ಲ, ಮುಚ್ಚಿಟ್ಟದ್ದು ಸಿಗುವುದೇ ಮುಖ್ಯ. ಸುಮಾರು ಎಂಟು, ಒಂಬತ್ತು ತಿಂಗಳಿಗೆ ಮಕ್ಕಳು ಕಣ್ಣಿಗೆ ಮರೆಯಾದ ವಸ್ತುವನ್ನು ಹುಡುಕಲು ಶುರು ಮಾಡುತ್ತಾರೆ. ಬಟ್ಟೆ ಮುಚ್ಚಿದರೂ ಅದರಡಿ ಚೆಂಡು ಇದ್ದೇ ಇದೆ ಅಂತ ಆಗ ಗೊತ್ತಾಗಿರುತ್ತದೆ. ಒಂದು ವರ್ಷಕ್ಕೆ ಈ ಹುಡುಕಾಟವೇ ದೊಡ್ಡ ಸಂಭ್ರಮ. ಅದಕ್ಕೆ 24 ಹೊಸ ಆಟಿಕೆ ಕೊಳ್ಳುವ ಅಗತ್ಯವಿಲ್ಲ. ಅಡುಗೆಮನೆಯ ಸೌಟು ಸಾಕು. ಅದೇ ಸೌಟನ್ನು ಮುಂದಿನ ವಾರ ಮತ್ತೆ ಇಟ್ಟರೂ ನಡೆಯುತ್ತದೆ.

ಇದು ಎಲ್ಲಿಯ ಪದ್ಧತಿ

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಇಲ್ಲಿ ನವೆಂಬರ್ ಬಂತೆಂದರೆ ಪ್ರತಿ ಅಂಗಡಿಯಲ್ಲೂ ಚಾಕೊಲೇಟ್ ತುಂಬಿದ ಅಡ್ವೆಂಟ್ ಕ್ಯಾಲೆಂಡರಿನ ರಾಶಿ. 24 ಪುಟ್ಟ ಕಿಟಕಿ, ದಿನಕ್ಕೊಂದು ತೆರೆಯುವುದು, 24ರ ಸಂಜೆ ಕ್ರಿಸ್‌ಮಸ್. ಮಂಗಳೂರಿನ ನನ್ನ ಗೆಳತಿ ಈ ದಿನಗಳಿಗೆ ಆಗಮನ ಕಾಲ ಅನ್ನುತ್ತಾಳೆ, ಚರ್ಚಿನ ಕನ್ನಡದಲ್ಲಿ ಹಾಗೆಯೇ ಹೇಳುವುದು. ಲೆಕ್ಕದ ಪ್ರಕಾರ ಆಗಮನ ಕಾಲ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ ಶುರುವಾಗುತ್ತದೆ. ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಯಾವಾಗಲಾದರೂ ಬರಬಹುದು. ಕ್ಯಾಲೆಂಡರ್ ಮಾಡುವವರಿಗೆ ಆ ಗೊಂದಲ ಬೇಡ ಅಂತ ಡಿಸೆಂಬರ್ 1ನೇ ತಾರೀಖು ಗಟ್ಟಿಯಾಯಿತು.

ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 24 ಗೆರೆ ಎಳೆದು ದಿನಕ್ಕೊಂದು ಅಳಿಸುತ್ತಿದ್ದರು. 1881ರಲ್ಲಿ ಮೌಲ್‌ಬ್ರೊನ್ ಎಂಬ ಊರಲ್ಲಿ ಹುಟ್ಟಿದ ಗೆರ್ಹಾರ್ಡ್ ಲಾಂಗ್‌ಗೆ ಅವನ ಅಮ್ಮ ರಟ್ಟಿನ ಮೇಲೆ 24 ಸಿಹಿ ತಿನಿಸು ಅಂಟಿಸಿ ಕೊಡುತ್ತಿದ್ದಳಂತೆ. ಅವನೇ ದೊಡ್ಡವನಾಗಿ ಮ್ಯೂನಿಕ್‌ನಲ್ಲಿ ಮುದ್ರಣಾಲಯ ನಡೆಸಿ ಅಚ್ಚಾದ ಕ್ಯಾಲೆಂಡರನ್ನು ಮನೆಮನೆಗೆ ಮುಟ್ಟಿಸಿದ. ಅಂದರೆ ಈಗಿನ ಅಂಗಡಿ ಮಾಲಿನ ಹಿಂದೆ ಇರುವುದೂ ಒಬ್ಬ ಅಮ್ಮನ ಕೈಕೆಲಸವೇ. ಚೀಲ ಹೊಲಿಯುವಾಗ ಸೂಜಿ ಬೆರಳಿಗೆ ಚುಚ್ಚಿದಾಗೆಲ್ಲ ನಾನು ಆಕೆಯನ್ನು ನೆನೆಸಿಕೊಂಡೆ.

ಯಾವಾಗ ಶುರು ಮಾಡಬೇಕು

ಮಿಶಿನ್ ಇದ್ದರೆ ಒಂದು ಮಧ್ಯಾಹ್ನದ ಕೆಲಸ, ಅದೂ ಮಗು ಬೇರೆಯವರ ಹತ್ತಿರ ಇದ್ದರೆ. ಕೈಯಲ್ಲಿ ಹೊಲಿಯುವವರು ಮಗು ಮಲಗಿದ ಮೇಲೆ ದಿನಕ್ಕೆ ಎರಡು ಚೀಲ ಅಂತ ಇಟ್ಟುಕೊಳ್ಳಿ. ಹನ್ನೆರಡು ರಾತ್ರಿ ಬೇಕು. ಇಲ್ಲಿ ನವೆಂಬರ್ 11ಕ್ಕೆ ಸಂತ ಮಾರ್ಟಿನ್ ದಿನ, ಮಕ್ಕಳೆಲ್ಲ ಕಾಗದದ ಲಾಟೀನು ಹಿಡಿದು ಸಂಜೆ ಮೆರವಣಿಗೆ ಹೋಗುತ್ತಾರೆ. ಆ ಲಾಟೀನು ಒಳಗಿಟ್ಟ ಮಾರನೇ ದಿನ ಬಟ್ಟೆಗೆ ಕತ್ತರಿ ಹಾಕಿದರೆ ಸರಿಯಾಗುತ್ತದೆ. ನಾನು 22ಕ್ಕೆ ಶುರು ಮಾಡಿ, ಕೊನೆಯ ಆರು ಚೀಲಗಳನ್ನು ಡಿಸೆಂಬರ್ ಬಂದ ಮೇಲೆ ಹೊಲಿದೆ. ಪುಟ್ಟಿಗೇನು ಗೊತ್ತಾಗುತ್ತೆ, ಬಿಡಿ.

ಚೀಲ ಹೊಲಿಯುವುದು

ಹಳೇ ಹತ್ತಿ ಸೀರೆ ಒಂದು ತೆಗೆದುಕೊಳ್ಳಿ. ಒಗೆದು ಒಗೆದು ಮೆತ್ತಗಾದದ್ದೇ ಒಳ್ಳೆಯದು. ಮಗು ಹೇಗೂ ಅದನ್ನು ಬಾಯಿಗೆ ಹಾಕುತ್ತದೆ, ಹೊಸ ಬಟ್ಟೆಯ ಗಂಜಿ, ಬಣ್ಣ ಯಾಕೆ ಬೇಕು? ಜರಿ ಇರುವ ಭಾಗ ಬೇಡ, ಎಳೆ ಬಿಚ್ಚಿ ಬರುತ್ತದೆ. ಪಂಚೆಯೂ ಆಗುತ್ತದೆ.

ಚೀಲದ ಅಳತೆ: ಅಗಲ 15 ಸೆಂ.ಮೀ., ಎತ್ತರ 20. ಅದಕ್ಕೆ 17 ಸೆಂ.ಮೀ. ಅಗಲ, 46 ಸೆಂ.ಮೀ. ಉದ್ದದ ತುಂಡು ಬೇಕು. ಸೀರೆಯ ಪನ್ನ ಸಾಮಾನ್ಯವಾಗಿ 110 ಸೆಂ.ಮೀ. ಹತ್ತಿರ ಇರುತ್ತದೆ, ಹಾಗಾಗಿ ಅಡ್ಡಕ್ಕೆ ಎರಡು ತುಂಡು ಸಿಗುತ್ತವೆ. ಉದ್ದಕ್ಕೆ ಹನ್ನೆರಡು ತುಂಡೆಂದರೆ 204 ಸೆಂ.ಮೀ. ಅಂದರೆ ಎರಡು ಮೀಟರಿಗೆ ಸ್ವಲ್ಪ ಜಾಸ್ತಿ. ಅರ್ಧ ಸೀರೆಯೂ ಖರ್ಚಾಗುವುದಿಲ್ಲ. ಸೆರಗನ್ನು ಹಾಗೇ ಉಳಿಸಿಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ತುಂಡಿನ ಎರಡೂ ತುದಿಯಲ್ಲಿ 3 ಸೆಂ.ಮೀ. ಒಳಗೆ ಮಡಚಿ ಹೊಲಿಯಿರಿ. ಇದು ಚೀಲದ ಬಾಯಿ. ಈಗ ಬಟ್ಟೆಯ ಒಳಮೈ ಹೊರಗೆ ಬರುವ ಹಾಗೆ ನಡುವೆ ಮಡಚಿ, ಎರಡು ಪಕ್ಕವನ್ನೂ 1 ಸೆಂ.ಮೀ. ಒಳಗೆ ಬಿಟ್ಟು ಹೊಲಿಯಿರಿ. ಮಿಶಿನ್ ಇಲ್ಲದಿದ್ದರೆ ಬರೀ ಓಡು ಹೊಲಿಗೆ ಸಾಲದು, ಮಗು ಎಳೆಯುವ ಜೋರಿಗೆ ಬಿಚ್ಚಿಹೋಗುತ್ತದೆ. ಪ್ರತಿ ಹೊಲಿಗೆಗೂ ಅರ್ಧ ಹಿಂದಕ್ಕೆ ಬಂದು ಮುಂದಕ್ಕೆ ಹೋಗಿ. ಮೂಲೆಗಳಲ್ಲಿ ಎರಡು ಸಲ. ಮುಗಿದ ಮೇಲೆ ಚೀಲವನ್ನು ತಿರುಗಿಸಿ, ಇಸ್ತ್ರಿ ಮಾಡಿ.

ಬಾಯಿ ಮುಚ್ಚಲು ಎಲ್ಲರೂ ದಾರ ಹಾಕುತ್ತಾರೆ. ಇಲ್ಲಿ ದಾರ ಬೇಡ, ಗುಂಡಿಯೂ ಬೇಡ. 2 ಸೆಂ.ಮೀ. ಉದ್ದದ ವೆಲ್ಕ್ರೊ ತುಂಡೊಂದನ್ನು ಬಾಯಿಯ ನಡುವೆ ಹೊಲಿಯಿರಿ. ಅಂಟಿಸುವ ವೆಲ್ಕ್ರೊ ತರಬೇಡಿ, ಎರಡು ದಿನಕ್ಕೆ ಕಿತ್ತು ಬಂದು ಬಾಯಿಗೆ ಹೋಗುತ್ತದೆ. ತುಂಡು ದೊಡ್ಡದಾದರೆ ಪುಟ್ಟ ಕೈಗೆ ಬಿಡಿಸಲು ಆಗುವುದಿಲ್ಲ, 2 ಸೆಂ.ಮೀ. ಸರಿಯಾದ ಅಳತೆ. ಬಿಡಿಸುವಾಗ 'ಕರ್‍' ಅಂತ ಸದ್ದು ಬರುತ್ತದಲ್ಲ, ನಮ್ಮ ಮನೆಯಲ್ಲಿ ಇಡೀ ಕ್ಯಾಲೆಂಡರಿನ ಹೀರೊ ಅದೇ. ಎರಡನೇ ವಾರಕ್ಕೆ ಪುಟ್ಟಿ ಚೀಲ ಮುಚ್ಚಿಕೊಡು ಅಂತ ನನ್ನ ಕೈಗೇ ತಳ್ಳುತ್ತಿದ್ದಳು, ಮತ್ತೆ ಬಿಡಿಸಲು.

ಹೊಲಿಗೆ ಬೇಡವೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಒಂದೇ ಒಂದು ಶೂ ಡಬ್ಬ. ಅದರ ಮುಚ್ಚಳದ ಮೇಲೆ ದಿನಕ್ಕೊಂದು ಅಂಕಿ ಅಂಟಿಸಿ, ರಾತ್ರಿ ಒಳಗೆ ಒಂದು ವಸ್ತು ಇಡಿ. ಬೆಳಗ್ಗೆ ಮುಚ್ಚಳ ತೆಗೆದರೆ ಆಯಿತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಮಗುವಿಗೆ ಇದೂ ಅಷ್ಟೇ ಖುಷಿ. ಸಾಲಾಗಿ ತೂಗುವ 24 ಚೀಲ ನಮ್ಮ ಕಣ್ಣಿನ ಆಸೆಗೆ.

ಅಂಕಿ

ನಾನು ಕನ್ನಡ ಅಂಕಿ ಬರೆದೆ. ಮಗಳಿಗೆ ಓದಲು ಬರಲ್ಲ ಅಂತ ಗೊತ್ತು. ಆದರೆ ಚೀಲ ಮೂರು ನಾಲ್ಕು ವರ್ಷ ಬಾಳುತ್ತದೆ, ಅಷ್ಟರಲ್ಲಿ ಬರುತ್ತದೆ. ಫ್ಯಾಬ್ರಿಕ್ ಪೇಂಟಿನಲ್ಲಿ ಒಂದು ಅಂಗೈ ಅಗಲಕ್ಕೆ ದಪ್ಪಗೆ ಬರೆಯಿರಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಹಾಕಿ ಗಟ್ಟಿ ಮಾಡಿ, ಒಮ್ಮೆ ಒಗೆಯಿರಿ. ಅಂಕಿ ಕತ್ತರಿಸಿ ಅಂಟಿಸುವುದು, ಮಣಿ ಹೊಲಿಯುವುದು, ಮಿಂಚಿನ ಪುಡಿ ಇವೆಲ್ಲ ಚಿತ್ರದಲ್ಲಿ ಚಂದ, ಮಗುವಿನ ಕೈಯಲ್ಲಿ ಅಲ್ಲ.

ಒಂದು ಎಚ್ಚರಿಕೆ. ಕುಂಚದಲ್ಲಿ ಬರೆದಾಗ ೬ ಮತ್ತು ೯ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. 6ನೇ ತಾರೀಖಿಗೆ ಇಟ್ಟಿದ್ದ, ಕಿತ್ತಳೆ ಹಣ್ಣು ಅಂತ ಬರೆದ ಚೀಟಿ ಸಿಗಲಿಲ್ಲ, ಬದಲಿಗೆ ಅಪ್ಪನ ಕಾಲುಚೀಲ ಹೊರಗೆ ಬಂತು. ೬ರ ಕೆಳಗೆ ಒಂದು ಗೆರೆ ಎಳೆದುಬಿಡಿ.

ತೂಗು ಹಾಕುವುದು

ನೆಲದಿಂದ ಕನಿಷ್ಠ ಒಂದೂವರೆ ಮೀಟರ್ ಎತ್ತರ. ಕೆಳಗೆ ಸೋಫಾ, ಕುರ್ಚಿ, ತೊಟ್ಟಿಲು ಇರಬಾರದು. ಒಂದು ವರ್ಷದ ಮಗು ನಿಂತುಕೊಂಡು ಹಿಡಿದು ಎಳೆಯುತ್ತದೆ. ಸೋಫಾ ಹತ್ತಲು ಕಲಿತದ್ದೂ ಆ ವಾರವೇ ಆಗಿರುತ್ತದೆ. ನಾನು ಪಾರ್ಕಿನಲ್ಲಿ ಬಿದ್ದಿದ್ದ ಒಂದು ಮೀಟರ್ ಉದ್ದದ ಕೊಂಬೆ ತಂದು, ತೊಗಟೆ ಉಜ್ಜಿ, ಒಣಗಿಸಿ ಎರಡು ಮೊಳೆಯ ಮೇಲೆ ಕೂರಿಸಿದೆ. ಬಟ್ಟೆ ಕ್ಲಿಪ್ಪಿನಲ್ಲಿ ಚೀಲ ಸಿಕ್ಕಿಸಿದೆ. ಒಂದು ಮೀಟರಿಗೆ 24 ಹಿಡಿಸುವುದಿಲ್ಲ. ಆರು ಚೀಲ ಮಾತ್ರ ತೂಗು ಹಾಕಿ, ಉಳಿದವನ್ನು ಕಪಾಟಿನಲ್ಲಿ ಇಡಿ. ಆರು ದಿನಕ್ಕೊಮ್ಮೆ ಬದಲಾಯಿಸಿ. ಮಗುವಿಗೆ ನೋಡಲು ಆರು ಧಾರಾಳ.

ಕ್ಲಿಪ್ಪನ್ನು ಮಗುವಿನ ಕೈಗೆ ಕೊಡಬೇಡಿ, ಸ್ಪ್ರಿಂಗ್ ಕಳಚುತ್ತದೆ. ದಾರ ಕಟ್ಟಲೇಬೇಕು ಅಂದರೆ ಗೇಣುದ್ದಕ್ಕಿಂತ ಜಾಸ್ತಿ ಬೇಡ, ಜೋತಾಡುವ ತುದಿ ಇರಬಾರದು. ಸರಮಾಲೆ ದೀಪ ಸುತ್ತುವ ಆಸೆ ಬರುತ್ತದೆ. ಬ್ಯಾಟರಿ ಡಬ್ಬಕ್ಕೆ ಸ್ಕ್ರೂ ಇಲ್ಲದ ದೀಪ ಮನೆಯೊಳಗೆ ತರಲೇಬೇಡಿ.

ಒಳಗೆ ಏನು ಇಡಬಾರದು

ನನ್ನ ತಪ್ಪಿನಿಂದ ಶುರು ಮಾಡುತ್ತೇನೆ. ಎರಡನೇ ದಿನ ಒಂದು ಅಂಗಡಿಯಲ್ಲಿ ಕೊಂಡಿದ್ದ ರಿಬ್ಬನ್ನಿನ ಗೊಂಬೆ ಇಟ್ಟಿದ್ದೆ, ಕೊರಳಲ್ಲಿ ಪುಟ್ಟ ಗೆಜ್ಜೆ. ಕಾಫಿ ಲೋಟ ಕೆಳಗಿಟ್ಟು ತಿರುಗುವಷ್ಟರಲ್ಲಿ ಗೊಂಬೆ ಇದೆ, ಗೆಜ್ಜೆ ಇಲ್ಲ. ಪುಟ್ಟಿಯ ಕೆನ್ನೆ ಉಬ್ಬಿತ್ತು. ಗೆಜ್ಜೆ ಕಣ್ಣಿಗೆ ಕಾಣುತ್ತಿತ್ತು, ಪಕ್ಕದಿಂದ ಬೆರಳಲ್ಲಿ ಮೆಲ್ಲಗೆ ಹೊರಗೆ ಎಳೆದೆ. ಆಮೇಲೆ ಅರ್ಧ ಗಂಟೆ ನನ್ನ ಕೈ ನಡುಗುತ್ತಿತ್ತು. ಅವತ್ತೇ ತುಂಬಿಟ್ಟಿದ್ದ ಉಳಿದ ಚೀಲಗಳನ್ನೆಲ್ಲ ತೆಗೆದು ಮತ್ತೆ ಪರೀಕ್ಷೆ ಮಾಡಿದೆ.

ಪರೀಕ್ಷೆ ಸುಲಭ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಬಳಸುವ ಅಳತೆ ಕೊಳವೆಯ ಅಗಲ 31.7 ಮಿ.ಮೀ. ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಗಂಟಲಿಗೆ ಸಿಕ್ಕಬಹುದು. ಮನೆಯಲ್ಲಿ ಆ ಕೊಳವೆ ಇರಲ್ಲ, ಟಾಯ್ಲೆಟ್ ಪೇಪರ್ ಸುತ್ತುವ ರಟ್ಟಿನ ಕೊಳವೆ ಇರುತ್ತದೆ. ಅದು ಇನ್ನೂ ಸ್ವಲ್ಪ ಅಗಲ, ಹಾಗಾಗಿ ಇನ್ನೂ ಒಳ್ಳೆಯದು. ಅದರೊಳಗೆ ಪೂರ್ತಿ ಅಡಗುವುದೆಲ್ಲ ಹೊರಗೆ. ಆಮೇಲೆ ವಸ್ತುವಿನ ಪ್ರತಿ ಭಾಗವನ್ನೂ ಜೋರಾಗಿ ಎಳೆದು ನೋಡಿ: ಕಣ್ಣು, ಮೂಗು, ಗೆಜ್ಜೆ, ಚಕ್ರ. ಕಿತ್ತು ಬರುವುದಿದ್ದರೆ ನಿಮ್ಮ ಕೈಯಲ್ಲೇ ಬರಲಿ.

ಗುಂಡಿ ಬ್ಯಾಟರಿ ಇರುವ ಹಾಡುವ ಕಾರ್ಡು, ಮಿನುಗುವ ಆಟಿಕೆ ಬೇಡವೇ ಬೇಡ. ನುಂಗಿದ ಬ್ಯಾಟರಿ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಪುಟ್ಟ ಆಯಸ್ಕಾಂತ, ಬಲೂನು, ಥರ್ಮೊಕೋಲ್, ಪ್ಲಾಸ್ಟಿಕ್ ಕವರ್ ಇವೂ ಬೇಡ.

ತಿನ್ನುವುದನ್ನು ಚೀಲದೊಳಗೆ ಇಡಬೇಡಿ, ಚೀಟಿ ಇಡಿ. ಇಡೀ ಬಾದಾಮಿ, ಗೋಡಂಬಿ, ಕಡಲೆಬೀಜ, ಪಾಪ್‌ಕಾರ್ನ್, ಕತ್ತರಿಸದ ದ್ರಾಕ್ಷಿ ಈ ವಯಸ್ಸಿಗೆ ಅಪಾಯ. ಎರಡು ವರ್ಷದವರೆಗೆ ಸೇರಿಸಿದ ಸಕ್ಕರೆ ಕೊಡಬೇಡಿ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ, ಹಾಗಾಗಿ ಚಾಕೊಲೇಟಿಗೂ ರಜೆ. ಡಿಸೆಂಬರ್ 1ಕ್ಕೆ ಮಗುವಿಗೆ ಇನ್ನೂ ವರ್ಷ ತುಂಬಿಲ್ಲವಾದರೆ ಜೇನುತುಪ್ಪ ನೆಕ್ಕಿಸಬೇಡಿ. ಊರಿಂದ ಯಾರು ಎಷ್ಟೇ ಒತ್ತಾಯ ಮಾಡಿದರೂ.

ಹಾಗಾದರೆ ಏನು ಇಡಬೇಕು

ಆ ಗೆಜ್ಜೆ ಗೊಂಬೆಯ ಬದಲು ಬೇರೆ ಇಟ್ಟ ಮೇಲೆ ನನ್ನ ಲೆಕ್ಕ ಹೀಗಿತ್ತು: ಹತ್ತು ವಸ್ತು, ಅದರಲ್ಲಿ ಆರು ಮತ್ತೆ, ನಾಲ್ಕು ಫೋಟೊ, ನಾಲ್ಕು ಚೀಟಿ.

ಹತ್ತರಲ್ಲಿ ಹೊಸದಾಗಿ ಕೊಂಡದ್ದು ಎರಡೇ, ದಪ್ಪ ರಟ್ಟಿನ ಪುಟ್ಟ ಪುಸ್ತಕ ಮತ್ತು ಹಲ್ಲುಜ್ಜುವ ಬ್ರಶ್ಶು. ಎರಡೂ ಹೇಗೂ ಬೇಕಿತ್ತು. ಉಳಿದದ್ದು ಮನೆಯದೇ. ಮರದ ಸೌಟು, ಅದರ ಹಿಡಿ ಚೀಲದಿಂದ ಹೊರಗೆ ಇಣುಕುತ್ತದೆ, ಇಣುಕಲಿ. ಒಂದರೊಳಗೊಂದು ಕೂರುವ ಎರಡು ಸ್ಟೀಲ್ ಲೋಟ. ಮುಚ್ಚಳ ತಿರುಗಿಸುವ ಪ್ಲಾಸ್ಟಿಕ್ ಡಬ್ಬ. ಅಪ್ಪನ ಉಣ್ಣೆ ಕಾಲುಚೀಲ. ಹಳೇ ರೇಷ್ಮೆ ರವಿಕೆಯ ಒಂದು ತುಂಡು. ಚೀಲ ಹೊಲಿದು ಮಿಕ್ಕ ಚೂರುಗಳನ್ನು ತುಂಬಿ ಹೊಲಿದ ಬಟ್ಟೆ ಚೆಂಡು, ಕಿತ್ತಳೆಗಿಂತ ದೊಡ್ಡದು. ಅಗಲವಾದ ಮರದ ಬಳೆ. ಮತ್ತೆ ಆ ಗಿಲಕಿ. ಚನ್ನಪಟ್ಟಣದ ಆಟಿಕೆಯನ್ನು ಹಾಲೆ ಮರದಲ್ಲಿ ಕಡೆದು, ಅರಗಿನಲ್ಲಿ ಬಣ್ಣ ಹಾಕುತ್ತಾರೆ. ಬಾಯಿಗೆ ಹಾಕುವ ವಯಸ್ಸಿಗೆ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಆದರೂ ಚಿಕ್ಕ ಚಕ್ರ, ಮಣಿ ಇರುವ ಮಾದರಿ ಬಿಟ್ಟು ಒಂದೇ ತುಂಡಿನ ಹಾಗಿರುವುದನ್ನು ಆರಿಸಿ.

ಆರು ವಸ್ತು ಮತ್ತೆ ಅಂದೆನಲ್ಲ, ಅದು ಸೋಮಾರಿತನ ಅಲ್ಲ. 3ಕ್ಕೆ ಲೋಟ ಸಿಕ್ಕಿತು. 11ಕ್ಕೆ ಮತ್ತೆ ಅದೇ ಲೋಟ. ಪುಟ್ಟಿ ಒಂದು ಕ್ಷಣ ನೋಡಿದಳು, ಎರಡನೇ ಲೋಟಕ್ಕಾಗಿ ಚೀಲದೊಳಗೆ ಕೈ ಹಾಕಿದಳು. ಅವಳಿಗೆ ನೆನಪಿತ್ತು! ಹೊಸ ಆಟಿಕೆ ಇಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಮತ್ತೆ ಇಡುವ ವಸ್ತುವನ್ನು ಮಾತ್ರ ನಡುವಿನ ದಿನಗಳಲ್ಲಿ ಕಣ್ಣಿಗೆ ಬೀಳದ ಹಾಗೆ ಎತ್ತಿಡಿ.

ಫೋಟೊ ನಾಲ್ಕು: ಅಜ್ಜಿ, ತಾತ, ಅತ್ತೆ, ಮಾವನ ಮನೆಯ ನಾಯಿ. ಅಂಗೈ ಅಗಲದ್ದು, ಲ್ಯಾಮಿನೇಟ್ ಮಾಡಿಸಿ ಮೂಲೆಗಳನ್ನು ದುಂಡಗೆ ಕತ್ತರಿಸಿ, ಇಲ್ಲದಿದ್ದರೆ ಚುಚ್ಚುತ್ತದೆ. ಇಲ್ಲಿ ಬೆಳಗ್ಗೆ ಏಳು ಅಂದರೆ ದಾವಣಗೆರೆಯಲ್ಲಿ ಹನ್ನೊಂದೂವರೆ, ಅಮ್ಮ ತಿಂಡಿ ಮುಗಿಸಿ ಕೂತಿರುತ್ತಾರೆ. ಅಜ್ಜಿಯ ಫೋಟೊ ಬಂದ ದಿನ ವೀಡಿಯೊ ಕಾಲ್ ಮಾಡಿದೆವು. ಪುಟ್ಟಿ ಫೋಟೊ ನೋಡಿದಳು, ಫೋನ್ ನೋಡಿದಳು, ಫೋಟೊವನ್ನು ಫೋನಿಗೆ ಒತ್ತಿ ಹಿಡಿದಳು. "ನೋಡೇ, ನನ್ನನ್ನ ನನಗೇ ತೋರಿಸ್ತಿದ್ದಾಳೆ" ಅಂತ ಅಮ್ಮ ಆ ಕಡೆಯಿಂದ ಒಂದೇ ಸಮ ನಗು.

ಚೀಟಿ ದೊಡ್ಡವರಿಗೆ, ಅವತ್ತು ಏನು ಮಾಡಬೇಕು ಅಂತ ಬರೆದದ್ದು. ಇಲ್ಲಿ ಡಿಸೆಂಬರ್ 4ಕ್ಕೆ ಸಂತ ಬಾರ್ಬರಾ ದಿನ. ಚೆರ್‍ರಿ ಮರದ ಒಂದು ರೆಂಬೆ ಕಡಿದು ತಂದು ನೀರಲ್ಲಿ ಇಟ್ಟರೆ ಕ್ರಿಸ್‌ಮಸ್ ಹೊತ್ತಿಗೆ ಹೂ ಬಿಡಬೇಕು. ನಮ್ಮದು ಎರಡೇ ಮೊಗ್ಗು ಬಿಡಿಸಿತು. ಡಿಸೆಂಬರ್ 6 ಸಂತ ನಿಕೊಲಾಸ್ ದಿನ, ಹಿಂದಿನ ರಾತ್ರಿ ಮಕ್ಕಳು ಶೂ ಹೊರಗಿಡುತ್ತಾರೆ. ಪುಟ್ಟಿಯ ಶೂ ಎಷ್ಟು ಚಿಕ್ಕದೆಂದರೆ ಒಂದು ಕಿತ್ತಳೆ ಇಟ್ಟರೆ ಮೇಲೆ ಕೂತುಕೊಂಡಿತ್ತು. ಸಿಪ್ಪೆ, ಬೀಜ, ಪೊರೆ ತೆಗೆದು ಚೂರು ಮಾಡಿ ತಿನ್ನಿಸಿ. ಇನ್ನೆರಡು ಚೀಟಿ, ಸಂಜೆ ಬೀದಿ ದೀಪ ನೋಡಲು ಹೋಗುವುದು, ಮತ್ತೆ ಬಾಳೆಹಣ್ಣು ಕಿವುಚಿ ರಾಗಿ ದೋಸೆ ಹೊಯ್ಯುವುದು. ಮಂಗಳೂರಿನ ಗೆಳತಿ ತನ್ನ ಮಗನ ಚೀಲಗಳಲ್ಲಿ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬಟ್ಟೆ ಗೊಂಬೆಗಳನ್ನು ಇಟ್ಟಳು. ಒಂದು ದಿನ ಕುರಿ, ಒಂದು ದಿನ ಹಸು, 24ಕ್ಕೆ ಬಾಲಯೇಸು. ಅವಳ ಮನೆಯಲ್ಲಿ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ಕರಿಯುವ ದಿನಕ್ಕೂ ಒಂದು ಚೀಟಿ ಇತ್ತು, ತಿನ್ನುವುದು ಮಾತ್ರ ದೊಡ್ಡವರು.

ಬೆಳಗಿನ ಹೊತ್ತು

ದಿನವೂ ಒಂದೇ ಹೊತ್ತು, ಒಂದೇ ಜಾಗ. ಹಾಲು ಕುಡಿದಾದ ಮೇಲೆ, ಡೈಪರ್ ಬದಲಿಸಿದ ಮೇಲೆ. ಹಸಿದ ಮಗುವಿಗೆ ಯಾವ ಕ್ಯಾಲೆಂಡರೂ ಬೇಡ. ನೆಲದ ಮೇಲೆ ಆ ಉಳಿಸಿದ ಸೆರಗು ಹಾಸಿ. ನಾಲ್ಕೈದು ದಿನಕ್ಕೆ ಸೆರಗು ಹಾಸಿದ ಕೂಡಲೇ ಮಗು ಬಂದು ಕೂರುತ್ತದೆ. ತಾರೀಖು ತಿಳಿಯದ ಮಗುವಿಗೆ ಕ್ಯಾಲೆಂಡರ್ ಅಂದರೆ ಆ ಬಟ್ಟೆಯೇ.

ಚೀಲವನ್ನು ಅಲ್ಲಾಡಿಸಿ, "ಎಲ್ಲಿ?" ಅಂತ ಕೇಳಿ, ಸ್ವಲ್ಪ ಕಾಯಿರಿ. ಈ ಕಾಯುವುದು ನಮಗೇ ಕಷ್ಟ. ನಾನಂತೂ ಒಂದೆರಡು ದಿನ ನಾನೇ ತೆರೆದು ನಾನೇ ತೆಗೆದು "ಹಾ, ನೋಡು!" ಅಂದೆ. ಬಿಡಿ, ಅವರೇ ತೆರೆಯಲಿ. ವೆಲ್ಕ್ರೊ ಬರದಿದ್ದರೆ ಒಂದು ಮೂಲೆ ಬಿಡಿಸಿಕೊಡಿ. ವಸ್ತು ತೆಗೆದು ಮತ್ತೆ ಒಳಗೆ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ, ಇಪ್ಪತ್ತು ಸಲ ಆದರೂ ತಡೆಯಬೇಡಿ. ಕೆಲವು ದಿನ ಅರ್ಧ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಹೋಗಲಿ. ಜ್ವರ ಬಂದ ದಿನ ಚೀಲ ಬಿಟ್ಟುಬಿಡಿ, ಮಾರನೇ ದಿನ ಎರಡು ಇಳಿಸಿ. ಫೋಟೊ ತೆಗೆಯಬೇಕು ಅಂತಿದ್ದರೆ ಒಂದು ದಿನ ತೆಗೆಯಿರಿ ಸಾಕು. ಫೋನ್ ಕಂಡರೆ ಮಗುವಿಗೆ ಚೀಲ ಬೇಡ, ಫೋನ್ ಬೇಕು.

24 ಆದ ಮೇಲೆ

24ರ ಚೀಲದಲ್ಲಿ ನಾನು ಇಟ್ಟದ್ದು ಇನ್ನೊಂದು ಚೀಲ. ಅದರೊಳಗೆ ಬಟ್ಟೆ ಚೆಂಡು. ಎರಡು ಸಲ 'ಕರ್‍'. ಅದಕ್ಕಿಂತ ದೊಡ್ಡ ಉಡುಗೊರೆ ನನಗೆ ಹೊಳೆಯಲಿಲ್ಲ.

ಹಬ್ಬ ಮುಗಿಯಿತು, ಕೊಂಬೆ ಇಳಿಸಿ ಚೀಲ ಒಗೆಯೋಣ ಅಂದುಕೊಂಡೆ. 25ರ ಬೆಳಗ್ಗೆ ಹಾಲು ಕುಡಿದು ಪುಟ್ಟಿ ನೇರವಾಗಿ ಆ ಗೋಡೆ ಹತ್ತಿರ ಹೋಗಿ, ಮೇಲೆ ನೋಡಿ ಕೈ ತೋರಿಸಿ ನಿಂತಳು. ಕ್ಯಾಲೆಂಡರ್ ಮುಗಿಯಿತು ಅಂತ ಅವಳಿಗೆ ಹೇಗೆ ಹೇಳುವುದು? ಸೆರಗು ಹಾಸಿದೆ. 24ರ ಚೀಲಕ್ಕೇ ಸೌಟು ಹಾಕಿ ಕೊಟ್ಟೆ. ಹಾಗೇ ಜನವರಿ 6ರವರೆಗೂ ನಡೆಯಿತು. ಆಮೇಲೆ ಅವಳೇ ಮರೆತಳು.

ಹಾಗಾಗಿ ಬಟ್ಟೆ ಕತ್ತರಿಸುವಾಗ ಒಂದು ತುಂಡು ಜಾಸ್ತಿ ಕತ್ತರಿಸಿ, 25 ಹೊಲಿಯಿರಿ. ಆ ಒಂದರ ಮೇಲೆ ಅಂಕಿ ಬರೆಯಬೇಡಿ.